ಹಗಲಿನ ಪತಂಗ, ತೋಕೆಯ ಚಿಟ್ಟೆ: ರೂಪಸಾಮ್ಯ ಮತ್ತು ವಂಶಸಂಬಂಧ

ಚಿಟ್ಟೆ ಹಗಲಿನಲ್ಲಿ ಹಾರುತ್ತದೆ, ಪತಂಗ ಇರುಳಿನಲ್ಲಿ ಹಾರುತ್ತದೆ. ಚಿಟ್ಟೆಗೆ ಬಣ್ಣವಿದೆ, ಪತಂಗ ಮಂಕು. ಕುಳಿತಾಗ ಚಿಟ್ಟೆ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ನಿಲ್ಲಿಸುತ್ತದೆ, ಪತಂಗ ಅವನ್ನು ಹರಡಿಕೊಳ್ಳುತ್ತದೆ ಎಂಬ ಮೂರು ಮಾತುಗಳು ಶಾಲೆಯ ಪಾಠದಿಂದಲೇ ಬಹುಮಂದಿಯ ಮನಸ್ಸಿನಲ್ಲಿ ಬೇರೂರಿವೆ. ಈ ಮಾತುಗಳು ಸಾಮಾನ್ಯವಾಗಿ ಹೊಂದುತ್ತವೆಯಾದರೂ ಅವು ನಿಯಮಗಳಲ್ಲ. ನಡುಹಗಲಿನ ಬಿಸಿಲಿನಲ್ಲಿ ಹಸಿರು, ಚಿನ್ನ, ನೇರಳೆ, ಕೆಂಪುಗಳನ್ನು ಹೊಳೆಯಿಸುತ್ತ, ಹಿಂರೆಕ್ಕೆಗಳಿಗೆ ತೋಕೆಗಳನ್ನು ತೊಟ್ಟು ಮರದ ನೆತ್ತಿಯ ಹೂಗಳಿಗೆ ಎರಗುವ ಮಡಗಾಸ್ಕರ್ ದ್ವೀಪದ ಕ್ರೈಸಿರಿಡಿಯಾ ರೈಫಿಯಸ್ ಎಂಬ ಕೀಟ, ಈ ಮೂರು ಮಾತುಗಳನ್ನು ನಂಬಿದವರ ಕಣ್ಣಿಗೆ ಚಿಟ್ಟೆಯಲ್ಲದೆ ಬೇರೆಯಾಗಿ ಕಾಣಲಾರದು; ಆದರೆ ಅದು ಪತಂಗ. ಸೂರ್ಯಾಸ್ತದ ಬಣ್ಣಗಳನ್ನು ನೆನಪಿಸುವುದರಿಂದ ಅದನ್ನು ಸನ್‌ಸೆಟ್ ಪತಂಗವೆಂದು ಕರೆಯುವುದು ರೂಢಿ. ಅದನ್ನು ಸ್ವಾಲೋಟೇಲ್ ಚಿಟ್ಟೆಗಳ, ಅಂದರೆ ಹಿಂರೆಕ್ಕೆಯಲ್ಲಿ ಸಾಮಾನ್ಯವಾಗಿ ತೋಕೆಯಂಥ ಚಾಚು ಇರುವ ಪ್ಯಾಪಿಲಿಯೋನಿಡೆ ಕುಟುಂಬದ ಚಿಟ್ಟೆಗಳ ಪಕ್ಕದಲ್ಲಿಟ್ಟು ನೋಡಿದಾಗ, ರೂಪವು ಯಾವುದರಿಂದ ಬರುತ್ತದೆ, ವಂಶದ ಗುರುತು ಎಲ್ಲಿ ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳು ಒಂದರಿಂದೊಂದು ಬೇರ್ಪಟ್ಟು ಸ್ಪಷ್ಟವಾಗುತ್ತವೆ.

ರೆಕ್ಕೆಯ ಮೇಲೆ ಹುರುಪೆಗಳನ್ನು ಹೊತ್ತ ಕೀಟಗಳ ಗಣಕ್ಕೆ ಲೆಪಿಡಾಪ್ಟೆರಾ ಎಂದು ಹೆಸರು. ಇದರಲ್ಲಿ ಇದುವರೆಗೆ ವರ್ಣಿಸಲ್ಪಟ್ಟ ಸುಮಾರು 1,60,000 ಪ್ರಭೇದಗಳ ಪೈಕಿ ಚಿಟ್ಟೆಗಳು ಸುಮಾರು 19,000 ಮಾತ್ರ, ಉಳಿದವೆಲ್ಲ ಪತಂಗಗಳು. ಇವೆರಡೂ ಒಂದೇ ಕಾಂಡದಿಂದ ಕವಲೊಡೆದ ಸಮಾನ ರೆಂಬೆಗಳೆಂದು ಭಾವಿಸುವುದು ಸರಿಯಲ್ಲ. ಪತಂಗಗಳ ವಿಶಾಲ ವಂಶವೃಕ್ಷದೊಳಗೆ, ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಹಗಲಿನ ಬದುಕಿಗೆ ಹೊರಳಿದ ಒಂದು ರೆಂಬೆಯೇ ಚಿಟ್ಟೆಗಳು. ಹಾಗಾಗಿ ಚಿಟ್ಟೆ ಎಂಬುದು ಒಂದು ವಂಶದ ಹೆಸರಾದರೆ, ಪತಂಗ ಎಂಬುದು ಆ ಒಂದು ವಂಶವನ್ನು ಬಿಟ್ಟು ಮಿಕ್ಕವೆಲ್ಲಕ್ಕೂ ಒಟ್ಟಾಗಿ ಇಟ್ಟ ಹೆಸರು. ಹಗಲಿಗೆ ಹೊರಳಿದ್ದು ಆ ಒಂದು ರೆಂಬೆ ಮಾತ್ರವೂ ಅಲ್ಲ: ಬೇರೆ ಬೇರೆ ಕಾಲಗಳಲ್ಲಿ ಪತಂಗಗಳ ಅನೇಕ ಕುಲಗಳು ಇರುಳನ್ನು ತೊರೆದು ಬಿಸಿಲಿಗೆ ಬಂದಿವೆ. ಸನ್‌ಸೆಟ್ ಪತಂಗ ಸೇರಿರುವ ಯುರೇನಿಡೆ ಕುಟುಂಬದ ಒಂದು ಶಾಖೆ ಅಂಥದ್ದು. ಆ ಕುಟುಂಬದ ಹತ್ತಿರದ ನೆಂಟರು ಸ್ವಾಲೋಟೇಲ್‌ಗಳಲ್ಲ. ಅಳತೆ ಹಾಕುವಂತೆ ಬೆನ್ನು ಬಾಗಿಸಿ ನಡೆಯುವ ಮರಿಹುಳುಗಳ ಜಿಯೋಮೆಟ್ರಿಡೆ ಪತಂಗಗಳು.

ಈ ಸಂಗತಿ ತಿಳಿಯುವುದಕ್ಕೆ ವಿಜ್ಞಾನಕ್ಕೂ ಕಾಲ ಹಿಡಿಯಿತು. 1758ರಲ್ಲಿ ಸಿಸ್ಟೆಮಾ ನ್ಯಾಚುರೆಯ ಹತ್ತನೆಯ ಆವೃತ್ತಿಯನ್ನು ಹೊರತಂದ ಲಿನೇಯಸ್ ಈ ಇಡೀ ಗಣವನ್ನು ಪ್ಯಾಪಿಲಿಯೋ, ಸ್ಫಿಂಕ್ಸ್, ಫಲೀನಾ ಎಂಬ ಮೂರೇ ಜಾತಿಗಳಲ್ಲಿ ಅಡಕಗೊಳಿಸಿದ್ದನು. ಚಿಟ್ಟೆಗಳಿಗೆ ಮೀಸಲಾದ ಪ್ಯಾಪಿಲಿಯೋದಲ್ಲಿ ಅವನು ದಕ್ಷಿಣ ಅಮೆರಿಕದ ಹಗಲಿನ ಪತಂಗವೊಂದನ್ನೂ ಇರಿಸಿದನು, ಅದೇ ಇಂದಿನ ಯುರೇನಿಯಾ ಲೀಲಸ್. ಲಂಡನ್ನಿನಲ್ಲಿ ಬೆಳ್ಳಿಯ ಕೆಲಸದ ವ್ಯಾಪಾರ ನಡೆಸುತ್ತ ಕೀಟಗಳ ದೊಡ್ಡ ಸಂಗ್ರಹವನ್ನು ಬೆಳೆಸಿದ್ದ ಡ್ರೂ ಡ್ರೂರಿ 1773ರಲ್ಲಿ ಮಡಗಾಸ್ಕರಿನ ಪತಂಗವನ್ನು ಮೊದಲು ವರ್ಣಿಸಿದಾಗ ಅದಕ್ಕೂ ಪ್ಯಾಪಿಲಿಯೋ ರೈಫಿಯಸ್ ಎಂದೇ ಹೆಸರಿಟ್ಟನು. ಅದರ ತವರು ಚೀನಾ ಅಥವಾ ಬಂಗಾಳವೆಂದು ಆಗ ತಿಳಿಯಲಾಗಿತ್ತು. ಮಡಗಾಸ್ಕರಿನಲ್ಲಲ್ಲದೆ ಬೇರೆಲ್ಲೂ ಅದು ಇಲ್ಲವೆಂಬುದು ಅನಂತರ ಗೊತ್ತಾದ ಸಂಗತಿ. 1823ರಲ್ಲಿ ಜೇಕಬ್ ಹ್ಯೂಬ್ನರ್ ಅದನ್ನು ಚಿಟ್ಟೆಗಳ ಸಾಲಿನಿಂದ ತೆಗೆದು ಕ್ರೈಸಿರಿಡಿಯಾ ಎಂಬ ಪತಂಗಜಾತಿಯಲ್ಲಿ ನಿಲ್ಲಿಸಿದನು. ಲಿನೇಯಸ್ಸನ ಮೇಲಾಗಲಿ ಡ್ರೂರಿಯ ಮೇಲಾಗಲಿ ಅಜಾಗರೂಕತೆಯನ್ನು ಆರೋಪಿಸುವುದು ನ್ಯಾಯವಲ್ಲ. ದೂರದೇಶಗಳಿಂದ ಹಡಗಿನಲ್ಲಿ ಬಂದ ಸತ್ತ, ಒಣಗಿದ ಮಾದರಿಯನ್ನಷ್ಟೇ ಕಂಡವರಿಗೆ ರೆಕ್ಕೆ ಹೇಳಿದ್ದೇ ಸಾಕ್ಷ್ಯವಾಗಿತ್ತು. ಮರಿಹುಳುವನ್ನೂ ಗೂಡನ್ನೂ ಅವರು ಕಂಡಿರಲಿಲ್ಲ.

ರೆಕ್ಕೆ ಹೇಳುವುದನ್ನೇ ಮೊದಲು ಕೇಳಬಹುದು. ಸನ್‌ಸೆಟ್ ಪತಂಗದ ರೆಕ್ಕೆಗಳ ಹರವು ಸಾಮಾನ್ಯವಾಗಿ 7ರಿಂದ 9 ಸೆಂಟಿಮೀಟರ್. ನೆಲಬಣ್ಣ ಕಪ್ಪು, ಅದರ ಮೇಲೆ ಮುಂರೆಕ್ಕೆಯಲ್ಲಿ ಹಸಿರು ಪಟ್ಟಿಗಳು, ಹಿಂರೆಕ್ಕೆಯಲ್ಲಿ ಚಿನ್ನ, ತಾಮ್ರ, ನೇರಳೆಗಳ ಹರಹು, ಅಂಚಿನಲ್ಲಿ ಬಿಳಿಯ ಕುಚ್ಚು, ಮತ್ತು ಒಂದಲ್ಲ, ಉದ್ದ ಗಿಡ್ಡವಾದ ಹಲವು ತೋಕೆಗಳು. ಸ್ವಾಲೋಟೇಲ್‌ಗಳಲ್ಲಿ ಅನೇಕ ಪ್ರಭೇದಗಳಿಗೆ ಹಿಂರೆಕ್ಕೆಗೆ ಒಂದೊಂದು ತೋಕೆ ಇರುತ್ತದೆ. ಕರ್ನಾಟಕದ ರಾಜ್ಯಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನಂತೆ ತೋಕೆಯೇ ಇಲ್ಲದವೂ ಈ ಕುಟುಂಬದಲ್ಲಿವೆ. ತೋಕೆ ಏತಕ್ಕೆ ಎಂಬುದಕ್ಕೆ ಎರಡು ಕುಲಗಳಿಂದ ಎರಡು ಬಗೆಯ ಉತ್ತರ ದೊರೆತಿದೆ. ಯುರೋಪಿನ ಸ್ವಾಲೋಟೇಲೊಂದರಲ್ಲಿ ನಡೆದ ಪ್ರಯೋಗಗಳಲ್ಲಿ ಹಕ್ಕಿಗಳ ಕೊಕ್ಕು ದೇಹಕ್ಕಿಂತ ತೋಕೆಯ ಕಡೆಗೇ ಹೆಚ್ಚಾಗಿ ಹೋದದ್ದೂ ಅಲ್ಲಿ ರೆಕ್ಕೆ ಸುಲಭವಾಗಿ ಹರಿದು ಚಿಟ್ಟೆ ಪಾರಾಗಬಲ್ಲುದೆಂಬುದೂ ಕಂಡುಬಂದಿತು. ಇರುಳಿನಲ್ಲಿ ಹಾರುವ ಅಮೆರಿಕದ ಲೂನಾ ಪತಂಗದ ಉದ್ದ ತೋಕೆಗಳಾದರೋ ಹಾರುವಾಗ ತಿರುಚಿಕೊಂಡು, ಬಾವಲಿ ಹೊರಡಿಸುವ ಧ್ವನಿಯನ್ನು ಪ್ರತಿಧ್ವನಿಸಿ ಅದನ್ನು ತಮ್ಮ ಕಡೆಗೆ ಸೆಳೆದು ದೇಹವನ್ನು ಉಳಿಸುತ್ತವೆ. ಕಣ್ಣಿನಿಂದ ಬೇಟೆಯಾಡುವ ವೈರಿಗೂ ಕಿವಿಯಿಂದ ಬೇಟೆಯಾಡುವ ವೈರಿಗೂ ಒಂದೇ ಆಕಾರ ಉತ್ತರವಾದ ಮೇಲೆ, ತೋಕೆಯೊಂದನ್ನೇ ನೋಡಿ ನೆಂಟಸ್ತನವನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

ಬಣ್ಣದ ವಿಚಾರ ಇನ್ನೂ ಸೂಕ್ಷ್ಮವಾದುದು, ಮತ್ತು ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯ. ಚಿಟ್ಟೆಯ ರೆಕ್ಕೆಯನ್ನು ಬೆರಳಿನಿಂದ ಸವರಿದಾಗ ಅಂಟುವ ಪುಡಿ ವಾಸ್ತವವಾಗಿ ಚಪ್ಪಟೆಯಾದ ಅತಿಸಣ್ಣ ಹುರುಪೆಗಳು. ಮಾಡಿಗೆ ಹೆಂಚು ಹೊದಿಸಿದಂತೆ ಅವು ಸಾಲುಸಾಲಾಗಿ ಒಂದರ ಮೇಲೊಂದು ಒರಗಿರುತ್ತವೆ. ಬಣ್ಣ ಎರಡು ರೀತಿಯಲ್ಲಿ ಬರಬಹುದು. ಹುರುಪೆಯಲ್ಲಿರುವ ವರ್ಣದ್ರವ್ಯ ಬೆಳಕಿನ ಕೆಲವು ಭಾಗಗಳನ್ನು ಹೀರಿ ಉಳಿದುದನ್ನು ಬಿಟ್ಟುಕೊಡುವುದು ಒಂದು ರೀತಿ. ಕಪ್ಪು, ಕಂದುಗಳು ಬಹುತೇಕ ಹೀಗೆ ಬಂದವು. ವರ್ಣದ್ರವ್ಯದ ನೆರವಿಲ್ಲದೆ, ಹುರುಪೆಯ ರಚನೆಯಲ್ಲಿರುವ ತೆಳುಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದಕ್ಕೊಂದು ಸೇರಿ ಕೆಲವು ಬಣ್ಣಗಳು ಬಲಗೊಂಡು ಕೆಲವು ಅಳಿಯುವುದು ಇನ್ನೊಂದು ರೀತಿ. ಇದನ್ನು ರಚನಾಜನ್ಯ ಬಣ್ಣವೆನ್ನುತ್ತಾರೆ, ಸಾಬೂನಿನ ಗುಳ್ಳೆಯ ಬಣ್ಣಗಳೂ ಇದೇ ವರ್ಗಕ್ಕೆ ಸೇರಿದವು. ಸನ್‌ಸೆಟ್ ಪತಂಗದ ಹಸಿರು, ಕೆಂಪು, ನೇರಳೆಗಳೆಲ್ಲ ರಚನಾಜನ್ಯವಾದವು: ಹುರುಪೆಯೊಳಗೆ ಹೊರಪೊರೆಯ ವಸ್ತು ಮತ್ತು ಗಾಳಿ ಪದರ ಪದರವಾಗಿ ಒಂದಾದ ಮೇಲೊಂದು ಬರುತ್ತವೆ, ಪದರದ ದಪ್ಪ ಬದಲಾದಂತೆ ಬಣ್ಣ ಬದಲಾಗುತ್ತದೆ. ಅದರ ವೈಶಿಷ್ಟ್ಯ ಇಷ್ಟಕ್ಕೆ ಮುಗಿಯುವುದಿಲ್ಲ. ಈ ಪತಂಗದ ಹುರುಪೆ ಚಪ್ಪಟೆಯಾಗಿರದೆ ಗಾಢವಾಗಿ ಬಾಗಿರುವುದರಿಂದ, ಒಂದು ಹುರುಪೆಯ ಇಳಿಜಾರಿಗೆ ಬಿದ್ದ ಬೆಳಕು ನೆರೆಯ ಹುರುಪೆಗೆ ಪುಟಿದು, ಅಲ್ಲಿಂದ ಎರಡನೆಯ ಬಾರಿ ಮರಳಿ ಕಣ್ಣಿಗೆ ಬರುತ್ತದೆ. ಹುರುಪೆಯ ನೆತ್ತಿಯಿಂದ ನೇರವಾಗಿ ಮರಳಿದ ಬಣ್ಣವೂ ಎರಡು ಬಾರಿ ಪುಟಿದ ಬಣ್ಣವೂ ಬೇರೆ ಬೇರೆಯಾಗಿದ್ದು, ನೋಡುವವರಿಗೆ ಅವುಗಳ ಮಿಶ್ರಣ ಕಾಣುತ್ತದೆ. ಜಪಾನಿನ ಭೌತವಿಜ್ಞಾನಿಗಳಾದ ಯೋಶಿಯೋಕಾ ಮತ್ತು ಕಿನೋಶಿತಾ ಇದನ್ನು 2007ರಲ್ಲಿ ವಿವರಿಸಿದರು.

ಸ್ವಾಲೋಟೇಲ್‌ಗಳ ಕಡೆಗೆ ಬಂದರೆ, ಆಗ್ನೇಯ ಏಷ್ಯಾದ ಪ್ಯಾಪಿಲಿಯೋ ಪಾಲಿನ್ಯೂರಸ್ ಎಂಬ ಚಿಟ್ಟೆಯ ಹಸಿರು ಪಟ್ಟಿ ಕೂಡ ಬೆಳಕಿನ ಎರಡು ಪುಟಿತಗಳಿಂದಲೇ ಆದುದು. ಅಲ್ಲಿ ಹುರುಪೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ಬಟ್ಟಲಿನಾಕಾರದ ಕುಳಿಗಳಿವೆ. ಕುಳಿಯ ತಳ ಹಳದಿಯನ್ನು ನೇರವಾಗಿ ಮರಳಿಸುತ್ತದೆ, ಅದರ ಇಳಿಜಾರುಗಳು ನೀಲಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪುಟಿಸಿ ಮರಳಿಸುತ್ತವೆ, ಹಳದಿ ನೀಲಿಗಳೆರಡೂ ಬೆರೆತು ಕಣ್ಣಿಗೆ ಹಸಿರಾಗುತ್ತವೆ. ಪಶ್ಚಿಮಘಟ್ಟಗಳಲ್ಲಿ ಕಾಣುವ ಮಲಬಾರ್ ಬ್ಯಾಂಡೆಡ್ ಪೀಕಾಕ್ ಚಿಟ್ಟೆ ಇದರ ಹತ್ತಿರದ ಬಳಗಕ್ಕೆ ಸೇರಿದುದು. ಹೀಗೆ ಪತಂಗ ನೆರೆಯ ಎರಡು ಹುರುಪೆಗಳ ನಡುವೆ ಸಾಧಿಸಿದ್ದನ್ನು ಚಿಟ್ಟೆ ಒಂದೇ ಹುರುಪೆಯ ಕುಳಿಯೊಳಗೆ ಸಾಧಿಸಿದೆ. ಎರಡೂ ಬೆಳಕಿನ ಒಂದೇ ನಿಯಮವನ್ನು ಬೇರೆ ಬೇರೆ ರಚನೆಗಳಿಂದ ದುಡಿಸಿಕೊಂಡಿವೆ ಎಂಬುದೇ, ಈ ಹೊಳಪು ಒಬ್ಬ ಪೂರ್ವಜನಿಂದ ಇಬ್ಬರಿಗೂ ಇಳಿದುಬಂದ ಆಸ್ತಿಯಲ್ಲವೆಂಬುದಕ್ಕೆ ಬಲವಾದ ಆಧಾರ.

ಹೊರಗಿನ ಲಕ್ಷಣಗಳಲ್ಲಿ ಹೆಚ್ಚು ನಂಬಲರ್ಹವಾದುದು ಮೀಸೆ, ಅಂದರೆ ತಲೆಯ ಮುಂದಿನ ಜೋಡಿ ಸ್ಪರ್ಶಾಂಗ. ಚಿಟ್ಟೆಯ ಮೀಸೆಯ ತುದಿ ಗದೆಯಂತೆ ಉಬ್ಬಿರುತ್ತದೆ; ಸನ್‌ಸೆಟ್ ಪತಂಗದ್ದು ನೂಲಿನಂತೆ ಸಪೂರವಾಗಿದೆ. ಆದರೆ ದಕ್ಷಿಣ ಅಮೆರಿಕದ ಕ್ಯಾಸ್ಟ್ನಿಡೆ ಕುಟುಂಬದ ಹಗಲಿನ ಪತಂಗಗಳಿಗೂ ಬರ್ನೆಟ್ ಪತಂಗಗಳಿಗೂ ಮೀಸೆಯ ತುದಿ ದಪ್ಪವಾಗಿರುವುದರಿಂದ ಈ ಲಕ್ಷಣಕ್ಕೂ ಮಿತಿಯಿದೆ. ಎರಡನೆಯದು ರೆಕ್ಕೆಗಳ ಜೋಡಣೆ. ಬಹುತೇಕ ಪತಂಗಗಳಲ್ಲಿ ಹಿಂರೆಕ್ಕೆಯ ಬುಡದಿಂದ ಹೊರಟ ಬಿರುಗೂದಲು ಮುಂರೆಕ್ಕೆಯ ಅಡಿಯಲ್ಲಿರುವ ಕೊಕ್ಕೆಗೆ ಸಿಕ್ಕಿಕೊಂಡು ಎರಡೂ ರೆಕ್ಕೆಗಳನ್ನು ಒಟ್ಟಿಗೆ ಬಡಿಸುತ್ತದೆ. ಈ ಬಿರುಗೂದಲಿಗೆ ಫ್ರೆನ್ಯುಲಮ್ ಎಂದು ಹೆಸರು. ಚಿಟ್ಟೆಗಳಲ್ಲಿ ಅದಿಲ್ಲ, ಹಿಂರೆಕ್ಕೆಯ ಅಗಲವಾದ ಬುಡ ಮುಂರೆಕ್ಕೆಯ ಕೆಳಗೆ ಚಾಚಿಕೊಂಡು ಆ ಕೆಲಸವನ್ನು ಮಾಡುತ್ತದೆ. ಯುರೇನಿಡೆಯ ಹಗಲಿನ ಪತಂಗಗಳಲ್ಲಿ ಈ ಕೊಂಡಿ ಕ್ಷೀಣಿಸಿ ಹೋಗಿರುವುದರಿಂದ ಅವು ಇಲ್ಲಿಯೂ ಚಿಟ್ಟೆಯ ದಾರಿಯನ್ನೇ ಹಿಡಿದಿವೆ. ಆಸ್ಟ್ರೇಲಿಯಾದ ರೀಜೆಂಟ್ ಸ್ಕಿಪ್ಪರ್ ಎಂಬ ಚಿಟ್ಟೆಯ ಗಂಡಿನಲ್ಲಾದರೋ ಆ ಕೊಂಡಿ ಇಂದಿಗೂ ಇದೆ.

ಹೊರಗಣ್ಣಿಗೆ ಕಾಣದ ಸಾಕ್ಷ್ಯವೇ ಹೆಚ್ಚು ದೃಢವಾದುದು. ಯುರೇನಿಡೆ ಪತಂಗಗಳಿಗೆ ಹೊಟ್ಟೆಯ ಬುಡದಲ್ಲಿ ಕಿವಿಗಳಿವೆ: ಗಾಳಿ ತುಂಬಿದ ಸಣ್ಣ ಕೋಣೆಯ ಬಾಯಿಗೆ ಬಿಗಿದ ತೆಳುಪೊರೆಯೂ ಅದರ ಕಂಪನವನ್ನು ನರಕ್ಕೆ ಮುಟ್ಟಿಸುವ ಜೀವಕೋಶಗಳೂ ಸೇರಿ ಈ ಶ್ರವಣಾಂಗವಾಗಿದೆ. ಅಚ್ಚರಿಯೆಂದರೆ ಗಂಡು ಹೆಣ್ಣುಗಳಲ್ಲಿ ಅದು ಒಂದೇ ಜಾಗದಲ್ಲಿಲ್ಲ. ಹೆಣ್ಣಿನಲ್ಲಿ ಹೊಟ್ಟೆಯ ಎರಡನೆಯ ಖಂಡದ ಅಡಿಭಾಗದಲ್ಲಿದ್ದರೆ, ಗಂಡಿನಲ್ಲಿ ಎರಡನೆಯ ಮತ್ತು ಮೂರನೆಯ ಖಂಡಗಳ ನಡುವೆ, ಪಕ್ಕದಲ್ಲಿದೆ. ಯುರೇನಿಡೆ ಕುಟುಂಬವನ್ನು ಗುರುತಿಸಲು ವರ್ಗೀಕರಣಕಾರರು ಹಿಡಿದಿರುವ ಮುಖ್ಯ ಆಧಾರ ಇದೇ. ಸ್ವಾಲೋಟೇಲ್‌ಗಳಲ್ಲಿ ಇಂಥ ಅಂಗವಿಲ್ಲ. ರೆಕ್ಕೆ ಬಿಸಿಲಿಗೆ ತಕ್ಕಂತೆ ಬದಲಾದರೂ ಇರುಳಿನ ಪೂರ್ವಜರ ಕಿವಿ ಹೊಟ್ಟೆಯಲ್ಲಿ ಉಳಿದುಕೊಂಡಿತು.

ವಂಶದ ಭೇದ ಅತಿ ಸ್ಪಷ್ಟವಾಗುವುದು ಮರಿಹುಳುವಿನ ಹಂತದಲ್ಲಿ. ಕರಿಬೇವು, ನಿಂಬೆ ಗಿಡಗಳ ಮೇಲೆ ಕಾಮನ್ ಮಾರ್ಮನ್ ಎಂಬ ಸ್ವಾಲೋಟೇಲಿನ ಮರಿಹುಳುಗಳನ್ನು ಕರ್ನಾಟಕದ ಹಿತ್ತಿಲುಗಳಲ್ಲಿಯೇ ನೋಡಬಹುದು. ಮುಟ್ಟಿದೊಡನೆ ಅದರ ತಲೆಯ ಹಿಂದಿನಿಂದ ಕವಲೊಡೆದ, ಮೆತ್ತನೆಯ, ಬಣ್ಣದ ಕೊಂಬೊಂದು ಹೊರಚಾಚಿ ಕಟುವಾಸನೆಯನ್ನು ಹರಡುತ್ತದೆ; ಆಸ್ಮಿಟೀರಿಯಮ್ ಎಂಬ ಈ ಗ್ರಂಥಿ ಸ್ವಾಲೋಟೇಲ್ ಕುಟುಂಬದ ಮರಿಹುಳುಗಳಿಗಲ್ಲದೆ ಬೇರೆ ಯಾವ ಚಿಟ್ಟೆಯ ಮರಿಗೂ ಇಲ್ಲ. ಬೆಳೆದ ಮರಿಹುಳು ರೇಷ್ಮೆಯ ಗೂಡು ಕಟ್ಟದೆ, ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ನಡುವಿಗೆ ಒಂದು ಎಳೆಯ ಪಟ್ಟಿ ಬಿಗಿದುಕೊಂಡು ಕೋಶಾವಸ್ಥೆಗೆ ಇಳಿಯುತ್ತದೆ. ಸನ್‌ಸೆಟ್ ಪತಂಗದ ಮರಿಹುಳು ಇದಕ್ಕೆ ತೀರ ಬೇರೆ: ಬಿಳಿ ಹಳದಿ ಮೈ, ಕಪ್ಪು ಚುಕ್ಕೆ, ಕೆಂಪು ಕಾಲು, ಮೈಮೇಲೆ ತುದಿ ದಪ್ಪವಾದ ಕಪ್ಪು ಕೂದಲು. ಅದು ತಿನ್ನುವುದು ಒಂಫೇಲಿಯಾ ಎಂಬ ಸಸ್ಯಜಾತಿಯನ್ನು ಮಾತ್ರ. ಹರಳು, ಮರಗೆಣಸು, ರಬ್ಬರ್ ಸೇರಿದ ಯುಫೋರ್ಬಿಯೇಸಿ ಕುಟುಂಬದ ಈ ಸಸ್ಯದ ಎಲೆ ಹರಿದರೆ ಹಾಲು ಒಸರುತ್ತದೆ. ಎಳೆಯ ಮರಿಗಳು ಹಾಲು ಹರಿಯುವ ನರಗಳನ್ನು ಬಿಟ್ಟು ಅವುಗಳ ನಡುವಿನ ಹಸಿರನ್ನಷ್ಟೇ ಕೆರೆದು ತಿನ್ನುತ್ತವೆ. ಬಲಿತ ಮೇಲೆ ಎಲೆ, ಹೂ, ಕಾಯಿ, ಎಳೆಯ ಕಾಂಡ ಯಾವುದನ್ನೂ ಬಿಡುವುದಿಲ್ಲ. ನುಣುಪಾದ ಎಲೆಯಿಂದ ಜಾರದಂತೆ ಬಾಯಿಂದ ಎಳೆ ಬಿಡುತ್ತಲೇ ನಡೆಯುತ್ತವೆ, ಬಿದ್ದರೆ ಅದೇ ಎಳೆಯನ್ನು ಹಿಡಿದು ಹತ್ತುತ್ತವೆ. ಕೊನೆಗೆ ರೇಷ್ಮೆಯ ಬಲೆಯಂಥ ಗೂಡು ಕಟ್ಟಿ ಅದರೊಳಗೆ ಕೋಶವಾಗುತ್ತವೆ. ಡ್ರೂರಿಗೆ ಈ ಗೂಡೊಂದು ದೊರೆತಿದ್ದರೆ ಪ್ಯಾಪಿಲಿಯೋ ಎಂಬ ಹೆಸರಿಡುವ ಮುನ್ನ ಅವನು ಖಂಡಿತವಾಗಿ ತಡೆದು ನಿಲ್ಲುತ್ತಿದ್ದನು.

ವಂಶ ಇಷ್ಟು ದೂರವಾಗಿದ್ದೂ ರೂಪ ಇಷ್ಟು ಹತ್ತಿರವಾದದ್ದಕ್ಕೆ ಕಾರಣವನ್ನು ಹುಡುಕುವಾಗ ಸಿಗುವ ಮುಖ್ಯ ಸೂತ್ರ ವಿಷ. ಒಂಫೇಲಿಯಾದಲ್ಲಿ ಸಕ್ಕರೆಯ ಅಣುವನ್ನು ಹೋಲುವ ಆಲ್ಕಲಾಯ್ಡ್‌ಗಳಿವೆ. ಅವು ಸಕ್ಕರೆಯನ್ನು ಒಡೆಯುವ ಕಿಣ್ವಗಳನ್ನು ತಡೆದು ತಿಂದ ಪ್ರಾಣಿಯ ಜೀರ್ಣಕ್ರಿಯೆಯನ್ನು ಕೆಡಿಸುತ್ತವೆ. ಪತಂಗದ ಮರಿ ಅವನ್ನು ಮೈಯಲ್ಲಿ ಕೂಡಿಟ್ಟು ಪ್ರೌಢಾವಸ್ಥೆಗೂ ಒಯ್ಯುತ್ತದೆ. ಸ್ವಾಲೋಟೇಲ್‌ಗಳಲ್ಲಿ ಇದೇ ಉಪಾಯವನ್ನು ಈಶ್ವರಿ ಬಳ್ಳಿಯ ಬಳಗವನ್ನು ತಿನ್ನುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಮತ್ತು ಬರ್ಡ್‌ವಿಂಗ್ ಚಿಟ್ಟೆಗಳು ಅನುಸರಿಸುತ್ತವೆ. ಆ ಬಳ್ಳಿಯ ಅರಿಸ್ಟೊಲೋಕಿಕ್ ಆಮ್ಲಗಳು ಅವುಗಳಿಗೆ ರಕ್ಷಣೆ. ಹೀಗೆ ವಿಷ ಹೊತ್ತ ಕೀಟಕ್ಕೆ ಅಡಗುವ ಅಗತ್ಯವಿಲ್ಲ, ಅಡಗುವುದು ಅದಕ್ಕೆ ನಷ್ಟ. ಒಮ್ಮೆ ತಿಂದು ಕಷ್ಟಪಟ್ಟ ಹಕ್ಕಿ ಮತ್ತೆ ನೋಡಿದೊಡನೆ ಗುರುತಿಸಿ ದೂರವಿರಬೇಕಾದರೆ ಬಣ್ಣ ಎದ್ದುಕಾಣಬೇಕು, ಹಾರಾಟ ಹಗಲಿನಲ್ಲಿ ನಡೆಯಬೇಕು. ಪತಂಗವನ್ನು ಬಿಸಿಲಿಗೆ ಕರೆದು ಬಣ್ಣ ತೊಡಿಸಿದ್ದರಲ್ಲಿ ಅದರ ಮೇವಿನ ಗಿಡಕ್ಕೆ ದೊಡ್ಡ ಪಾಲಿದೆ ಎನ್ನುವುದು ಅತಿಶಯೋಕ್ತಿಯಲ್ಲ.

ವಿಷದ ಗುರುತಿಗೆ ಬೆಲೆ ಬಂದ ಮೇಲೆ ಅದನ್ನು ಎರವಲು ಪಡೆಯುವವರೂ ಹುಟ್ಟಿಕೊಳ್ಳುತ್ತಾರೆ. ವಿಷವಿಲ್ಲದ ಜೀವಿ ವಿಷವುಳ್ಳದ್ದರ ರೂಪವನ್ನು ಹೊಂದಿ ರಕ್ಷಣೆ ಪಡೆಯುವುದನ್ನು ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನಿನ ಚಿಟ್ಟೆಗಳನ್ನು ಆಧರಿಸಿ 1862ರಲ್ಲಿ ನಿರೂಪಿಸಿದನು. ಇದಕ್ಕೆ ಬೇಟ್ಸನ ಅನುಕರಣೆ ಎಂದು ಹೆಸರಾಯಿತು. ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದು, ಕೆಲವು ಕಾಮನ್ ರೋಸ್ ರೂಪವನ್ನೂ ಕೆಲವು ಕ್ರಿಮ್ಸನ್ ರೋಸ್ ರೂಪವನ್ನೂ ತಳೆಯುತ್ತವೆ. ಈ ಭೇದವನ್ನು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ನಿಯಂತ್ರಿಸುತ್ತದೆಂಬುದನ್ನು ಕೃಷ್ಣಮೇಘ ಕುಂಟೆ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿದರು. ಕುಂಟೆಯವರ ಪ್ರಯೋಗಾಲಯ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದೆ. ಈಶಾನ್ಯ ಭಾರತದ ಎಪಿಕೊಪಿಯಾ ಪತಂಗಗಳು ಹಗಲಿನಲ್ಲಿ ಹಾರುತ್ತ, ಅಲ್ಲಿಯ ಈಶ್ವರಿ ಬಳಗದ ಬಳ್ಳಿ ತಿನ್ನುವ ತೋಕೆಯ ಚಿಟ್ಟೆಗಳ ಕಪ್ಪು ರೆಕ್ಕೆಯನ್ನೂ ಕೆಂಪು ಗುರುತುಗಳನ್ನೂ ತೋಕೆಯನ್ನೂ ಪಡೆದಿವೆ. ಇಲ್ಲಿ ಪತಂಗ ಚಿಟ್ಟೆಯನ್ನು ಹೋಲುತ್ತದೆ. ಓದುಗರ ನಿರೀಕ್ಷೆಯೂ ಹಾಗೆಯೇ ಇರುತ್ತದೆ, ಏಕೆಂದರೆ ಚಿಟ್ಟೆಯೇ ಮೂಲ, ಪತಂಗ ಅದರ ಮಸುಕಾದ ಪ್ರತಿ ಎಂಬ ಭಾವನೆ ಗಟ್ಟಿಯಾಗಿದೆ.

ನ್ಯೂ ಗಿನಿಯ ಕಾಡು ಈ ಭಾವನೆಯನ್ನು ಪೂರ್ತಿ ತಿರುವಿಹಾಕುತ್ತದೆ. ಅಲ್ಲಿ ಸನ್‌ಸೆಟ್ ಪತಂಗದ ಕುಟುಂಬದ್ದೇ ಆದ ಆಲ್ಸೈಡಿಸ್ ಅಗಾಥಿರ್ಸಸ್ ಎಂಬ ಹಗಲಿನ ಪತಂಗವಿದೆ. ಅದೇ ಕಾಡಿನಲ್ಲಿ ಪ್ಯಾಪಿಲಿಯೋ ಲಾಗ್ಲೇಜೈ ಎಂಬ ಸ್ವಾಲೋಟೇಲ್ ಇದೆ. ಈ ಜೋಡಿಯಲ್ಲಿ ಅನುಕರಿಸುವುದು ಚಿಟ್ಟೆ, ಮಾದರಿಯಾಗಿರುವುದು ಪತಂಗ. ಕಪ್ಪು ನೆಲದ ಮೇಲಿನ ತಿಳಿಯಾದ ಹೊಳೆವ ಪಟ್ಟಿಗಳು ಹೊಂದಿರುವುದಷ್ಟೇ ಅಲ್ಲ. ಪತಂಗದ ಹೊಟ್ಟೆಯ ಕೆಳಭಾಗ ಕಿತ್ತಳೆ ಬಣ್ಣದ್ದು, ಅದು ಕೆಳಗಿನಿಂದ ನೋಡಿದಾಗ ಎದ್ದುಕಾಣುತ್ತದೆ. ಚಿಟ್ಟೆಯಲ್ಲಿ ಆ ಕಿತ್ತಳೆ ಬಂದಿರುವುದು ಹೊಟ್ಟೆಯ ಮೇಲಲ್ಲ, ಹಿಂರೆಕ್ಕೆಯ ಕೆಳಮೈಯಲ್ಲಿ, ಹೊಟ್ಟೆಗೆ ತಾಗಿಕೊಂಡಿರುವ ಒಳ ಅಂಚಿನಲ್ಲಿ. ರೆಕ್ಕೆಯ ಆ ಅಂಚು ಹೊಟ್ಟೆಯ ಪಕ್ಕಕ್ಕೆ ಬಂದಾಗ ಪತಂಗದ ಕಿತ್ತಳೆ ಹೊಟ್ಟೆಯೇ ಕಂಡಂತಾಗುತ್ತದೆ. ಹಕ್ಕಿಯ ಕಣ್ಣಿಗೆ ಬೇಕಾದದ್ದು ಬಣ್ಣ ಸರಿಯಾದ ಜಾಗದಲ್ಲಿ ಕಾಣಿಸುವುದು, ಅದು ಯಾವ ಅಂಗದ ಮೇಲಿದೆ ಎಂಬುದಲ್ಲ. ಪ್ರಾಕೃತಿಕ ಆಯ್ಕೆ ಕೆಲಸ ಮಾಡುವುದು ನೋಡುವ ಕಣ್ಣಿನ ಮೂಲಕ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಅಪರೂಪ.

ಮೇವಿನ ಗಿಡ ರೂಪವನ್ನಷ್ಟೇ ಅಲ್ಲ, ಸಂಚಾರವನ್ನೂ ನಿರ್ಧರಿಸಿದೆ. ಮಡಗಾಸ್ಕರಿನಲ್ಲಿ ಒಂಫೇಲಿಯಾದ ನಾಲ್ಕು ಪ್ರಭೇದಗಳಿವೆ. ಮೂರು ಪಶ್ಚಿಮ ಮತ್ತು ಉತ್ತರದ ಎಲೆಯುದುರುವ ಒಣಕಾಡುಗಳಲ್ಲಿ, ಒಂದು ಪೂರ್ವದ ನಿತ್ಯಹರಿದ್ವರ್ಣ ಮಳೆಕಾಡಿನಲ್ಲಿ. ಪತಂಗಗಳು ದ್ವೀಪದ ಈ ಎರಡು ಬದಿಗಳ ನಡುವೆ ವಲಸೆ ಹೋಗುತ್ತವೆ. ಮಧ್ಯ ಅಮೆರಿಕದ ಯುರೇನಿಯಾ ಫಲ್ಜೆನ್ಸ್ ಪತಂಗಗಳ ಭಾರಿ ವಲಸೆಗಳನ್ನು ಅಧ್ಯಯನ ಮಾಡಿದ ನೀಲ್ ಸ್ಮಿತ್, ಮರಿಹುಳುಗಳು ಮತ್ತೆ ಮತ್ತೆ ಮೇಯ್ದ ಒಂಫೇಲಿಯಾ ಬಳ್ಳಿಗಳು ತಮ್ಮ ವಿಷವನ್ನು ಹೆಚ್ಚಿಸಿಕೊಳ್ಳುವುದರಿಂದ ಪತಂಗಗಳು ಹೊಸ ಬಳ್ಳಿಗಳನ್ನರಸಿ ಹೊರಡಬೇಕಾಗುತ್ತದೆಂದು ವಿವರಿಸಿದರು. ಇಂಥ ಕೀಟಕ್ಕೆ ಒಂದು ತುಂಡು ಕಾಡನ್ನು ಉಳಿಸಿದರೆ ಸಾಲದು. ದೂರ ದೂರದ ಹಲವು ಕಾಡುಗಳು ಏಕಕಾಲದಲ್ಲಿ ಬದುಕಿರಬೇಕು. ಮಡಗಾಸ್ಕರಿನಲ್ಲಿ ಕಾಡು ಕಡಿದು, ಸುಟ್ಟು, ಹೊಲ ಮಾಡುವುದು ಎರಡೂ ಬದಿಗಳಲ್ಲಿ ನಡೆದಿರುವುದರಿಂದ ಈ ಮಾತು ಬರಿಯ ತರ್ಕವಲ್ಲ.

ಜಮೈಕಾ ದ್ವೀಪದಲ್ಲಿ ಇಂಥ ಕಾಡುನಾಶದ ಪರಿಣಾಮ ಕಂಡಿದೆ. ಅಲ್ಲಿ ಯುರೇನಿಯಾ ಸ್ಲೋನಸ್ ಎಂಬ ಹಗಲಿನ ಪತಂಗವಿತ್ತು. ಕಪ್ಪು, ಕೆಂಪು, ನೀಲಿ, ಹಸಿರುಗಳಿಂದ ಹೊಳೆಯುತ್ತಿದ್ದ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ಸುಮಾರಿಗೆ ಕಾಣೆಯಾಯಿತು. ತಗ್ಗುಪ್ರದೇಶದ ಕಾಡು ಕೃಷಿಗೆ ಹೋಗಿ ಒಂಫೇಲಿಯಾ ಇಲ್ಲವಾದದ್ದು ಮುಖ್ಯ ಕಾರಣವೆಂದು ವಿದ್ವಾಂಸರು ಭಾವಿಸುತ್ತಾರೆ. ಅದೇ ದ್ವೀಪದಲ್ಲಿ ಪ್ಯಾಪಿಲಿಯೋ ಹೋಮೆರಸ್ ಎಂಬ, ಅಮೆರಿಕ ಖಂಡಗಳ ಸ್ವಾಲೋಟೇಲ್‌ಗಳಲ್ಲೆಲ್ಲ ದೊಡ್ಡದಾದ ಚಿಟ್ಟೆ ಇನ್ನೂ ಇದೆ. ಒಂದು ಕಾಲಕ್ಕೆ ದ್ವೀಪದ ಹೆಚ್ಚು ಭಾಗದಲ್ಲಿ ಹಾರುತ್ತಿದ್ದ ಅದು ಈಗ ಪಶ್ಚಿಮದ ಕಾಕ್‌ಪಿಟ್ ಕಂಟ್ರಿ ಮತ್ತು ಪೂರ್ವದಲ್ಲಿ ಬ್ಲೂ ಬೆಟ್ಟಗಳೂ ಜಾನ್ ಕ್ರೋ ಬೆಟ್ಟಗಳೂ ಕೂಡುವ ಎಡೆ ಎಂಬ ಎರಡೇ ನೆಲೆಗಳಲ್ಲಿ ಉಳಿದಿದೆ. ಅದರ ಮರಿಹುಳುಗಳು ಹರ್ನಾಂಡಿಯಾ ಮರದ ಎಲೆಯನ್ನೇ ನಂಬಿಕೊಂಡಿರುವುದರಿಂದ, ಆ ಎರಡು ನೆಲೆಗಳ ತೇವದ ಬೆಟ್ಟಗಾಡಿನಲ್ಲಿ ಹರ್ನಾಂಡಿಯಾ ನಿಂತಿರುವವರೆಗೆ ಅದು ಇರುತ್ತದೆ.